ಎಂಟು ಜನರ ಮಾತು, ಒಬ್ಬನ ಹೆಸರು

1962ರ ಜನವರಿಯಲ್ಲಿ ಅಮೆರಿಕದ ಜಾಜ್ ಪತ್ರಿಕೆ ‘ಡೌನ್‌ಬೀಟ್’ ಒಂದೇ ರೆಕಾರ್ಡಿಗೆ ಎರಡು ವಿಮರ್ಶೆ ಅಚ್ಚು ಹಾಕಿತು. ಒಬ್ಬ ವಿಮರ್ಶಕ ಐದು ನಕ್ಷತ್ರ ಕೊಟ್ಟ, ಇನ್ನೊಬ್ಬ ಒಂದನ್ನೂ ಕೊಡಲಿಲ್ಲ. ಆರ್ನೆಟ್ ಕೋಲ್ಮನ್‌ನ ‘ಫ್ರೀ ಜಾಜ್’ ಆ ರೆಕಾರ್ಡು. ಮೂವತ್ತೇಳು ನಿಮಿಷ, ಎಂಟು ಜನ. ಮೊದಲ ಸಲ ಕೇಳಿದವರಿಗೆ ಸಂತೆ ಗದ್ದಲ ಅನ್ನಿಸಿದರೆ ತಪ್ಪಿಲ್ಲ. ಆದರೆ ಗದ್ದಲ ಅಂತ ತೀರ್ಪು ಕೊಟ್ಟು ಎದ್ದು ಹೋಗುವವರ ಬಗ್ಗೆ ನನಗೆ ತಕರಾರಿದೆ.

ಕೋಲ್ಮನ್ 1930ರಲ್ಲಿ ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ ಹುಟ್ಟಿದ ಬಡ ಕರಿಯ. ಲಾಸ್ ಏಂಜಲೀಸ್‌ನಲ್ಲಿ ಲಿಫ್ಟ್ ನಡೆಸುವ ಕೆಲಸ ಮಾಡಿದವನು. ಹಿತ್ತಾಳೆಯ ಸ್ಯಾಕ್ಸೊಫೋನಿಗೆ ದುಡ್ಡಿಲ್ಲದೆ 1954ರಲ್ಲಿ ಪ್ಲಾಸ್ಟಿಕ್ಕಿನದನ್ನು ಕೊಂಡ. ನುಡಿಸೋಕೆ ಬರಲ್ಲ ಅಂತ ಜೊತೆಯ ಸಂಗೀತಗಾರರೇ ಅವನನ್ನು ವೇದಿಕೆಯಿಂದ ಇಳಿಸಿದ್ದುಂಟು. ಶಾಸ್ತ್ರ ಗೊತ್ತಿಲ್ಲದವನು ಅನ್ನೋ ಮಾತು ಯಾರ ಬಾಯಿಂದ ಯಾರ ಮೇಲೆ ಬೀಳುತ್ತೆ ಅನ್ನೋದು ಓದುಗರಿಗೆ ಹೇಳಿಕೊಡಬೇಕಾದ್ದಲ್ಲ.

1960ರ ಡಿಸೆಂಬರ್ 21ರಂದು ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಅವನು ಎರಡು ತಂಡಗಳನ್ನು ಎದುರುಬದುರು ನಿಲ್ಲಿಸಿದ. ಸ್ಟೀರಿಯೋದಲ್ಲಿ ಎಡಕಿವಿಗೆ ಕೋಲ್ಮನ್, ಪುಟ್ಟ ಟ್ರಂಪೆಟ್ಟಿನ ಡಾನ್ ಚೆರಿ, ಬಾಸ್‌ನಲ್ಲಿ ಸ್ಕಾಟ್ ಲಫಾರೋ, ಡ್ರಮ್ಮಿನಲ್ಲಿ ಬಿಲ್ಲಿ ಹಿಗಿನ್ಸ್. ಬಲಕಿವಿಗೆ ಬಾಸ್ ಕ್ಲ್ಯಾರಿನೆಟ್ಟಿನ ಎರಿಕ್ ಡಾಲ್ಫಿ, ಟ್ರಂಪೆಟ್ಟಿನ ಫ್ರೆಡ್ಡಿ ಹಬರ್ಡ್, ಬಾಸ್‌ನಲ್ಲಿ ಚಾರ್ಲಿ ಹೇಡನ್, ಡ್ರಮ್ಮಿನಲ್ಲಿ ಎಡ್ ಬ್ಲ್ಯಾಕ್‌ವೆಲ್. ಬಾಸ್ ಹಿಡಿದ ಇಬ್ಬರು ಬಿಳಿಯರು, ಉಳಿದ ಆರು ಜನ ಕರಿಯರು. ಕರಿಯರೂ ಬಿಳಿಯರೂ ಒಂದೇ ಹೋಟೆಲಿನ ಮೇಜಿಗೆ ಕೂರಬಾರದು ಅಂತ ದಕ್ಷಿಣದ ರಾಜ್ಯಗಳು ಇನ್ನೂ ಹಟ ಹಿಡಿದಿದ್ದ ವರ್ಷ ಅದು.

ಇಲ್ಲಿ ಕಟ್ಟಿಲ್ಲ ಅನ್ನೋದು ಸುಳ್ಳು. ಒಬ್ಬೊಬ್ಬನ ಸರದಿಗೂ ಮುಂಚೆ ಎಲ್ಲರೂ ಕೂಡಿ, ಮೊದಲೇ ರಚಿಸಿಟ್ಟ ಒಂದು ಚಿಕ್ಕ ತುಣುಕು ನುಡಿಸುತ್ತಾರೆ. ಆಮೇಲೆ ಒಬ್ಬ ಮುಂದೆ ಬರುತ್ತಾನೆ. ಉಳಿದವರು ಕೈಕಟ್ಟಿ ಕೂರೋದಿಲ್ಲ. ಅವನ ಬಾಯಿಂದ ಬಿದ್ದ ಒಂದು ಎಳೆಯನ್ನು ಇನ್ನೊಬ್ಬ ಎತ್ತಿಕೊಳ್ಳುತ್ತಾನೆ, ತಿರುಚುತ್ತಾನೆ, ವಾಪಸ್ ಎಸೆಯುತ್ತಾನೆ. ಮತ್ತೊಬ್ಬ ಅಡ್ಡ ಬಾಯಿ ಹಾಕುತ್ತಾನೆ. ಇನ್ನೊಬ್ಬ ಏನು ಹೇಳಿದ ಅಂತ ಕಿವಿಗೊಡದವನಿಗೆ ಈ ಕೆಲಸ ಸಾಧ್ಯವೇ ಇಲ್ಲ. ಹಬರ್ಡ್ ಮಾತ್ರ ತಾನು ಕಲಿತ ದಾರಿಯನ್ನು ಪೂರ್ತಿ ಬಿಟ್ಟುಕೊಡದೆ ನುಡಿಸುತ್ತಾನೆ. ಆ ಬಿಗಿತವೂ ಈ ಸಭೆಗೆ ಬೇಕಾಗಿತ್ತು ಅಂತ ನನಗನ್ನಿಸುತ್ತದೆ.

ಹಾಗಂತ ಇದನ್ನು ಹೊತ್ತು ಮೆರೆಸಬೇಕಾಗಿಲ್ಲ. ಹೊದಿಕೆಯ ಮೇಲೆ ‘ಸಾಮೂಹಿಕ’ ಅಂತ ಬರೆದುಕೊಂಡರೂ ತಂಡಕ್ಕಿರುವುದು ಕೋಲ್ಮನ್‌ನದೇ ಹೆಸರು. ಎಲ್ಲರಿಗಿಂತ ಉದ್ದದ ಸರದಿ, ಸುಮಾರು ಹತ್ತು ನಿಮಿಷ, ಅವನದೇ. ಊದುವವರು ನಾಲ್ವರೂ ಮುಗಿಸಿದ ಮೇಲೆ ಬಾಸ್‌ನವರ ಪಾಳಿ, ಡ್ರಮ್ಮಿನವರದು ಕಟ್ಟಕಡೆಗೆ. ಮೂವತ್ತೇಳು ನಿಮಿಷವೂ ಭಾರ ಹೊತ್ತವರು ಅವರೇ ತಾನೆ? ಆದರೂ ಹೇಡನ್ ಮತ್ತು ಲಫಾರೋ ಒಬ್ಬರ ಪಕ್ಕ ಒಬ್ಬರು ನುಡಿಸುವ ಆ ಭಾಗವೇ, ನನ್ನ ಪಾಲಿಗೆ, ಇಡೀ ರೆಕಾರ್ಡಿನಲ್ಲಿ ತೀರ ನಿಜವಾದದ್ದು: ಒಬ್ಬ ನೆಲ ಹಿಡಿದು ಭಾರವಾಗಿ, ಇನ್ನೊಬ್ಬ ಎತ್ತರದ ಸ್ವರಗಳಲ್ಲಿ ಓಡೋಡಿ. 1961ರ ಜುಲೈಯಲ್ಲಿ ಕಾರು ಅಪಘಾತದಲ್ಲಿ ಸತ್ತಾಗ ಲಫಾರೋಗೆ ಬರೀ 25 ವರ್ಷ.

ಅವತ್ತೇ ಮೊದಲು ನುಡಿಸಿ ಬದಿಗಿಟ್ಟಿದ್ದ ಹದಿನೇಳು ನಿಮಿಷದ ಯತ್ನವೊಂದು 1971ರಲ್ಲಿ ‘ಟ್ವಿನ್ಸ್’ ಎಂಬ ರೆಕಾರ್ಡಿನಲ್ಲಿ ಹೊರಬಂತು. ಸಿಕ್ಕರೆ ಅದನ್ನು ಮೊದಲು ಕೇಳಿ, ಆಮೇಲೆ ಉದ್ದದ್ದನ್ನು.