ಬೇಟೆ ಕುಗ್ಗಿದರೆ ಬರಿದಾಗುವ ಬೊಕ್ಕಸ

ಸ್ವೀಡನ್ನಿನಲ್ಲಿ ಬೇಟೆಯ ವರ್ಷ ಜುಲೈ 1ಕ್ಕೆ ಶುರುವಾಗಿ ಮರುವರ್ಷದ ಜೂನ್ 30ಕ್ಕೆ ಮುಗಿಯುತ್ತದೆ. ಕೋವಿ ಹಿಡಿದು ಕಾಡಿಗಿಳಿಯುವ ಪ್ರತಿಯೊಬ್ಬರೂ ಆ ವರ್ಷದ ಸರ್ಕಾರಿ ಶುಲ್ಕ ಕಟ್ಟಿ ‘ಯಾಕ್ಟ್‌ಕೂರ್ಟ್’ ಎಂಬ ಬೇಟೆ ಕಾರ್ಡ್ ಪಡೆದಿರಲೇಬೇಕು. ಬಹುಕಾಲ 300 ಕ್ರೋನಾ ಇದ್ದ ಶುಲ್ಕ ಈಗ 400. ನಮ್ಮ ಲೆಕ್ಕದಲ್ಲಿ ಮೂರೂವರೆ ಸಾವಿರ ರೂಪಾಯಿಯ ಆಸುಪಾಸು. ಒಂದು ಕೋಟಿಗಿಂತ ತುಸು ಹೆಚ್ಚು ಜನಸಂಖ್ಯೆಯ ಆ ದೇಶದಲ್ಲಿ ಮೂರು ಲಕ್ಷದ ಹತ್ತಿರ ಜನ ಇದನ್ನು ಕಟ್ಟುತ್ತಾರೆ. ಸಿರಿವಂತ ನಾಡಿಗೆ ಇದೇನೂ ದೊಡ್ಡ ಮೊತ್ತವಲ್ಲ. ಹಾಗಾಗಿ ಅಲ್ಲಿನ ಬೇಟೆಗಾರರ ಅಸಮಾಧಾನವನ್ನು ಹವ್ಯಾಸಿಗಳ ಗೊಣಗಾಟವೆಂದು ತಳ್ಳಿಹಾಕುವುದು ಸುಲಭ. ನನಗೆ ಅದು ಸರಿಯೆನಿಸುವುದಿಲ್ಲ. ಇಡೀ ನಾಡು ಹೊರಬೇಕಾದ ವನ್ಯಜೀವಿ ನಿರ್ವಹಣೆಯ ಖರ್ಚನ್ನು ಬೇಟೆಯ ಮೇಲೆ ಹೊರಿಸಿದ್ದರ ಫಲವನ್ನು ಅವರು ಎಲ್ಲರಿಗಿಂತ ಮೊದಲು ಉಣ್ಣುತ್ತಿದ್ದಾರೆ.

ಈ ವ್ಯವಸ್ಥೆಯ ಹಿಂದೆ ಗೌರವಿಸಬೇಕಾದ ಚರಿತ್ರೆಯಿದೆ. 1789ರಲ್ಲಿ ದೊರೆ ಮೂರನೆಯ ಗುಸ್ತಾವ್ ರೈತರಿಗೆ ತಮ್ಮ ನೆಲದಲ್ಲಿ ತಾವೇ ಬೇಟೆಯಾಡುವ ಹಕ್ಕು ಕೊಟ್ಟ. ಅರಸರ, ಶ್ರೀಮಂತರ ಸೊತ್ತಾಗಿದ್ದ ಬೇಟೆ ಹಳ್ಳಿಗರ ಕೈಗೆ ಬಂತು. ಮುಂದೆ ಪ್ರಾಣಿಗಳು ವಿರಳವಾದಾಗ, ಆಡುವವರೇ ಕಾಯಬೇಕು ಎಂಬ ಅರಿವೂ ಬೆಳೆಯಿತು. 1830ರಲ್ಲಿ ಸ್ವೀಡಿಷ್ ಬೇಟೆಗಾರರ ಸಂಘ ಹುಟ್ಟಿತು. 1938ರಲ್ಲಿ ಸರ್ಕಾರ ಆ ಸಂಘಕ್ಕೆ ‘ಸಾರ್ವಜನಿಕ ಹೊಣೆ’ಯನ್ನು ವಹಿಸಿತು: ಎಷ್ಟು ಪ್ರಾಣಿ ಬೇಟೆಯಾಯಿತೆಂಬ ಲೆಕ್ಕ, ಬೇಟೆಗಾರರ ತರಬೇತಿ, ಜನರಿಗೆ ಮಾಹಿತಿ ಇವೆಲ್ಲ ಅದರಲ್ಲಿ ಸೇರಿವೆ. ಬೇಟೆ ಕಾರ್ಡಿನ ಹಣ ‘ವಿಲ್ಟ್‌ವೋರ್ಡ್ಸ್‌ಫೊಂಡೆನ್’ ಎಂಬ ವನ್ಯಮೃಗ ಪಾಲನಾ ನಿಧಿಗೆ ಸೇರುತ್ತದೆ. ಸಂಘದ ಈ ಕೆಲಸಕ್ಕೂ ವನ್ಯಜೀವಿ ಸಂಶೋಧನೆಗೂ ಅಲ್ಲಿಂದಲೇ ಹಣ. ಬಳಸುವವನೇ ಕಾಪಾಡುವ ವೆಚ್ಚವನ್ನೂ ಕೊಡಲಿ ಎಂಬ ಈ ತತ್ವ ನ್ಯಾಯವಾದದ್ದು. ಎಂಟು ದಶಕಕ್ಕೂ ಮೀರಿ ಅದು ಬಾಳಿ ಬಂದಿರುವುದೂ ಸಣ್ಣ ಮಾತಲ್ಲ.

ಬಿರುಕು ಕಾಣುವುದು ಹಣ ಕೊಡುವವನಿಗೂ ಅದನ್ನು ಹಂಚುವವನಿಗೂ ನಡುವೆ. ಶುಲ್ಕ ಎಷ್ಟೆಂದು ನಿಗದಿ ಮಾಡುವುದು ಸರ್ಕಾರ. ನಿಧಿಯಿಂದ ಸಂಘಕ್ಕೆ ಎಷ್ಟು ಹೋಗಬೇಕೆಂದು ತೀರ್ಮಾನಿಸುವುದೂ ಸರ್ಕಾರವೇ. ಒಂದು ಕಾಲಕ್ಕೆ ಸಂಘದ ಸಾರ್ವಜನಿಕ ಹೊಣೆಗೆ ವರ್ಷಕ್ಕೆ 5 ಕೋಟಿ ಕ್ರೋನಾದ ಆಸುಪಾಸು ಸಿಗುತ್ತಿತ್ತು. 2010ರ ದಶಕದ ಉತ್ತರಾರ್ಧದಲ್ಲಿ ಅದಕ್ಕೆ ಕತ್ತರಿ ಬಿತ್ತು. 2018ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ಮುಂಗಡಪತ್ರ ನಿಸರ್ಗ ಸಂರಕ್ಷಣೆಯ ಅನುದಾನವನ್ನೇ ಗಣನೀಯವಾಗಿ ಇಳಿಸಿತು. ಆ ಕೆಲಸವನ್ನು ನೆಲಮಟ್ಟದಲ್ಲಿ ನಡೆಸುವ ಜಿಲ್ಲಾಡಳಿತಗಳು ಮರುವರ್ಷ ಸಿಬ್ಬಂದಿ ಕಡಿತದ ಮಾತಾಡಬೇಕಾಯಿತು. ಶುಲ್ಕ ಏರಿ ಸೇವೆ ಇಳಿದರೆ ಯಾವ ಪ್ರಜೆಗಾದರೂ ಸಿಟ್ಟು ಬರುತ್ತದೆ. ಇದರ ಮೇಲೆ ಇನ್ನೊಂದು ತಕರಾರಿದೆ. ಕಾರ್ಡಿನ ಹಣ ಕಟ್ಟುವವರಲ್ಲಿ ಸರಿಸುಮಾರು ಅರ್ಧ ಜನ ಮಾತ್ರ ದೊಡ್ಡ ಸಂಘದ ಸದಸ್ಯರು. ತಾವು ಸೇರದ ಸಂಘಕ್ಕೆ ತಮ್ಮ ಹಣ ಏಕೆ ಹೋಗಬೇಕು ಎಂದು ಉಳಿದವರೂ ಸಣ್ಣ ಸಂಘವಾದ ‘ಯೇಗಾರ್ನಾಸ್ ರಿಕ್ಸ್‌ಫೊರ್‌ಬುಂಡ್’ ಕೂಡ ಕೇಳುತ್ತ ಬಂದಿದ್ದಾರೆ. ಈ ಪ್ರಶ್ನೆಗೆ ತೃಪ್ತಿಕರ ಉತ್ತರ ಸಿಕ್ಕಿಲ್ಲ.

ಕಾರ್ಡಿನ ಶುಲ್ಕಕ್ಕಿಂತ ಆಳದ ದೋಷ ಮೂಸ್ ಬೇಟೆಯ ಶುಲ್ಕದಲ್ಲಿದೆ. ಮೂಸ್ ಜಿಂಕೆ ಕುಲದಲ್ಲೇ ಅತಿ ದೊಡ್ಡ ಪ್ರಾಣಿ. ಸ್ವೀಡನ್ನಿನ ಹಳ್ಳಿಗಳಿಗೆ ಅದರ ಬೇಟೆ ಹಬ್ಬವಿದ್ದಂತೆ. ಉತ್ತರದಲ್ಲಿ ಸೆಪ್ಟೆಂಬರಿನಲ್ಲಿ, ದಕ್ಷಿಣದಲ್ಲಿ ಅಕ್ಟೋಬರಿನಲ್ಲಿ ಆರಂಭ. ಹೊಡೆದ ಒಂದೊಂದು ಮೂಸ್‌ಗೂ ಬೇಟೆಯ ತಂಡ ಜಿಲ್ಲಾಡಳಿತಕ್ಕೆ ಹಣ ಕಟ್ಟುತ್ತದೆ, ಬೆಳೆದ ಪ್ರಾಣಿಗೆ ಹೆಚ್ಚು. ಮೂಸ್ ನಿರ್ವಹಣೆಯ ಆಡಳಿತ ವೆಚ್ಚ ಆ ಹಣದಿಂದಲೇ ಹುಟ್ಟಬೇಕು. 1982ರಲ್ಲಿ ದೇಶದಲ್ಲಿ ಸುಮಾರು 1,74,000 ಮೂಸ್ ಬೇಟೆಯಾದವು. ಈಚಿನ ವರ್ಷಗಳಲ್ಲಿ ಅದರ ಅರ್ಧವೂ ಇಲ್ಲ. ಪ್ರಾಣಿ ಕಡಿಮೆಯಾದರೂ ಕಚೇರಿಯ ಖರ್ಚು ಕಡಿಮೆಯಾಗದು. ಸಭೆ, ಸಮೀಕ್ಷೆ, ಯೋಜನೆ ಎಲ್ಲವೂ ಬೇಕು. ಹಾಗಾಗಿ ಉಳಿದ ಕೆಲವೇ ಪ್ರಾಣಿಗಳ ಮೇಲೆ ಶುಲ್ಕ ಏರಿಸಬೇಕಾಗುತ್ತದೆ. ಈ ಬಾರಿ ಹಿಂಡು ಚೇತರಿಸಿಕೊಳ್ಳಲಿ ಎಂದು ಕೋವಿ ಕೆಳಗಿಟ್ಟ ತಂಡದಿಂದ ನಿಧಿಗೆ ಏನೂ ಬರುವುದಿಲ್ಲ. ಸಂಯಮದಿಂದ ನಷ್ಟ, ಹತ್ಯೆಯಿಂದ ಆದಾಯ ಎಂಬಂತಹ ಲೆಕ್ಕವನ್ನು ಸಂರಕ್ಷಣೆಯ ಹೆಸರಿನಲ್ಲಿ ಇಟ್ಟುಕೊಳ್ಳುವುದು ತಪ್ಪು.

ಮೂಸ್ ಕಡಿಮೆಯಾಗಲಿ ಎಂದು ಒತ್ತಾಯಿಸುತ್ತ ಬಂದವರು ಯಾರು? ಅರಣ್ಯ ಕಂಪನಿಗಳು, ದೊಡ್ಡ ಭೂಮಾಲೀಕರು. ಚಳಿಗಾಲದಲ್ಲಿ ಮೂಸ್ ಎಳೆಯ ಪೈನ್ ಗಿಡಗಳ ತುದಿಯನ್ನು ಮೇಯುತ್ತದೆ, ತೊಗಟೆ ಸುಲಿಯುತ್ತದೆ. ಮರವನ್ನೇ ನಂಬಿದ ಉದ್ಯಮಕ್ಕೆ ಇದು ನಿಜವಾದ ನಷ್ಟ, ಅದನ್ನು ಅಲ್ಲಗಳೆಯಲಾಗದು. ಆದರೆ 2012ರಲ್ಲಿ ಜಾರಿಯಾದ ಮೂಸ್ ನಿರ್ವಹಣಾ ಗುಂಪುಗಳ ರಚನೆ ನೋಡಿ. ದೇಶದ ಬಹುಪಾಲು ಕಡೆ ಭೂಮಾಲೀಕರ ಮೂವರು, ಬೇಟೆಗಾರರ ಮೂವರು ಕೂರುತ್ತಾರೆ; ಮತ ಸಮವಾದರೆ ಭೂಮಾಲೀಕರ ಕಡೆಯ ಅಧ್ಯಕ್ಷರ ಮತವೇ ನಿರ್ಣಾಯಕ. ಹಿಂಡು ತಗ್ಗಿದ ಲಾಭ ಪೈನ್ ತೋಪಿನವರಿಗೆ. ತಗ್ಗಿಸುವ ಆಡಳಿತದ ಖರ್ಚು ಬೇಟೆಗಾರರಿಗೆ. ಅವರ ಕೋಪದಲ್ಲಿ ನನಗೆ ಎಲ್ಲಕ್ಕಿಂತ ನ್ಯಾಯವಾಗಿ ಕಾಣುವ ಭಾಗ ಇದು.

ಹಣದ ಜೊತೆಗೆ ಅವರು ಕೊಡುವ ದುಡಿಮೆಯೂ ಇದೆ. ಸ್ವೀಡನ್ನಿನ ರಸ್ತೆಗಳಲ್ಲಿ ವರ್ಷಕ್ಕೆ 60,000ಕ್ಕೂ ಹೆಚ್ಚು ಬಾರಿ ವಾಹನಗಳು ಕಾಡುಪ್ರಾಣಿಗೆ ಡಿಕ್ಕಿ ಹೊಡೆಯುತ್ತವೆ. ಗಾಯಗೊಂಡ ಪ್ರಾಣಿ ಕಾಡಿಗೆ ನುಗ್ಗಿದರೆ ಪೊಲೀಸರು ಕರೆಯುವುದು ಊರಿನ ಬೇಟೆಗಾರನನ್ನೇ. ನಡುರಾತ್ರಿಯಾದರೂ, ಹಿಮ ಬಿದ್ದರೂ ಅವನು ನಾಯಿಯೊಂದಿಗೆ ಜಾಡು ಹಿಡಿದು ಹೊರಡುತ್ತಾನೆ. ಪ್ರಾಣಿಯ ನರಳಾಟ ಕೊನೆಗೊಳಿಸುತ್ತಾನೆ. ಸಂಭಾವನೆಯಿದ್ದರೂ ಆ ಕೆಲಸ ನಡೆಯುವುದು ಅವರ ಕರ್ತವ್ಯಪ್ರಜ್ಞೆಯಿಂದ. 2023ರ ಸೆಪ್ಟೆಂಬರಿನಲ್ಲಿ ಫಾಗರ್‌ಸ್ಟಾ ಪಟ್ಟಣದ ಬಳಿ ಕಾಡುಹಂದಿಗಳಲ್ಲಿ ಆಫ್ರಿಕನ್ ಹಂದಿಜ್ವರ ಪತ್ತೆಯಾದಾಗ ಸತ್ತ ಹಂದಿಗಳನ್ನು ಹುಡುಕುತ್ತ ಕಾಡೆಲ್ಲ ಅಲೆದವರಲ್ಲಿ ಸ್ಥಳೀಯ ಬೇಟೆಗಾರರೇ ಮುಂದಿದ್ದರು. ಮರುವರ್ಷ ದೇಶ ರೋಗಮುಕ್ತವೆಂದು ಘೋಷಿತವಾಯಿತು. ಇದರಿಂದ ಉಳಿದದ್ದು ಹಂದಿ ಸಾಕುವ ರೈತರ ಬದುಕು, ದೇಶದ ಮಾಂಸ ವ್ಯಾಪಾರ.

ಇಷ್ಟಾದರೂ ಬೇಟೆಗಾರರ ಎಲ್ಲ ವಾದವನ್ನು ಒಪ್ಪಲಾಗದು. ‘ನಾವು ಹಣ ಕೊಡುತ್ತೇವೆ, ಆದ್ದರಿಂದ ತೀರ್ಮಾನವೂ ನಮ್ಮದು’ ಎಂಬ ದನಿ ಕೆಲವೊಮ್ಮೆ ಕೇಳುತ್ತದೆ, ಅದರಲ್ಲೂ ತೋಳದ ಮಾತು ಬಂದಾಗ. 2010ರಿಂದ ತೋಳದ ಪರವಾನಗಿ ಬೇಟೆ ಮತ್ತೆ ಶುರುವಾದ ಮೇಲೆ ಈ ಜಗಳ ನಿಂತಿಲ್ಲ. ಆದರೆ ತೋಳ ಯಾವ ನಿಧಿಯ ಆಸ್ತಿಯೂ ಅಲ್ಲ. ಕೋವಿ ಮುಟ್ಟದವರಿಗೂ ಅದರ ಮೇಲೆ ಸಮಾನ ಹಕ್ಕಿದೆ. 2020ರ ಜನವರಿಯ ಗಿರ್ಯಾಸ್ ತೀರ್ಪೂ ಇಲ್ಲಿ ನೆನಪಾಗಬೇಕು. ತಮ್ಮ ಪ್ರದೇಶದಲ್ಲಿ ಸಣ್ಣ ಪ್ರಾಣಿಗಳ ಬೇಟೆಗೂ ಮೀನುಗಾರಿಕೆಗೂ ಅನುಮತಿ ಕೊಡುವ ಹಕ್ಕು ಗಿರ್ಯಾಸ್ ಎಂಬ, ಮೂಲನಿವಾಸಿ ಸಾಮಿ ಸಮುದಾಯದ ಹಿಮಸಾರಂಗ ಪಾಲಕರ ಗುಂಪಿನದೇ, ಸರ್ಕಾರದ್ದಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಶುಲ್ಕ ವಸೂಲಿ ಮಾಡಿದ ಮಾತ್ರಕ್ಕೆ ಸರ್ಕಾರಕ್ಕೇ ಹಕ್ಕು ಹುಟ್ಟಲಿಲ್ಲ. ಶುಲ್ಕ ಕಟ್ಟಿದ ಮಾತ್ರಕ್ಕೆ ಬೇಟೆಗಾರನಿಗೂ ಹುಟ್ಟದು.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ತೆರೆ ಎಳೆಯಿತು. ಹಾಗೆಂದು ಈ ಪಾಠ ನಮಗೆ ಹೊರಗಿನದಲ್ಲ. ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿಯ ಆದಾಯ ಹುಲಿ ಸಂರಕ್ಷಣಾ ಪ್ರತಿಷ್ಠಾನಗಳಿಗೆ ದೊಡ್ಡ ಆಧಾರ. 2025ರ ನವೆಂಬರಿನಲ್ಲಿ ಕಾಡಂಚಿನ ರೈತರು ಹುಲಿ ದಾಳಿಗೆ ಬಲಿಯಾದ ಮೇಲೆ ಸರ್ಕಾರ ಸಫಾರಿ ನಿಲ್ಲಿಸಿತು. ಕಾಡು ಕಾಯಲು ಹೆಚ್ಚು ಸಿಬ್ಬಂದಿ, ಹೆಚ್ಚು ಹಣ ಬೇಕಾದ ಹೊತ್ತಿನಲ್ಲೇ ಟಿಕೆಟ್ಟಿನ ಹರಿವು ನಿಂತಿತು. ಅಲ್ಲಿ ಗುಂಡಿನ ಲೆಕ್ಕ, ಇಲ್ಲಿ ಜೀಪಿನ ಲೆಕ್ಕ. ಸಂಕಟದ ದಿನ ಕೈಕೊಡುವುದರಲ್ಲಿ ಎರಡೂ ಒಂದೇ.

ಹಾಗಾದರೆ ಸ್ವೀಡನ್ನಿನ ವ್ಯವಸ್ಥೆಯನ್ನು ಕಿತ್ತುಹಾಕಬೇಕೆ? ಬೇಡ. ಬೇಟೆ ಕಾರ್ಡಿನ ಶುಲ್ಕ ಉಳಿಯಲಿ. ಅದು ಬೇಟೆಗಾರನ ಮಾಹಿತಿಗೆ, ತರಬೇತಿಗೆ, ಸಂಶೋಧನೆಗೆ ಹೋಗಲಿ. ಯಾವ ಸಂಘಕ್ಕೆ ಎಷ್ಟು, ಏಕೆ ಎಂಬ ಲೆಕ್ಕ ಪ್ರತಿ ಜುಲೈಯಲ್ಲೂ ಕಾರ್ಡಿನ ಜೊತೆಗೇ ಅವನ ಕೈಸೇರಲಿ. ಮೂಸ್ ಆಡಳಿತದ ವೆಚ್ಚದಲ್ಲಿ ಪೈನ್ ಬೆಳೆಯುವವರು ಪಾಲು ಕೊಡಲಿ. ರಸ್ತೆ ಅಪಘಾತ, ರೋಗದ ಕಣ್ಗಾವಲು ಎಲ್ಲರ ಕೆಲಸ. ಅವು ಸಾಮಾನ್ಯ ತೆರಿಗೆಯಿಂದ, ಮಂತ್ರಿಮಂಡಲ ಬದಲಾದಾಗಲೆಲ್ಲ ಅಲುಗಾಡದ ಅನುದಾನದಿಂದ ನಡೆಯಲಿ. ಹೀಗಾದರೆ, ಬೇಟೆಗಾರ ಒಂದು ವರ್ಷ ಕೋವಿ ಕೆಳಗಿಟ್ಟರೂ ಕಾಡು ಕಾಯುವ ಕಚೇರಿಯ ಬಾಗಿಲು ತೆರೆದೇ ಇರುತ್ತದೆ. ಅಲ್ಲಿಯವರೆಗೆ ಅವನ ದೂರಿಗೆ ಕಿವಿಗೊಡುವುದು ಆ ನಾಡಿನ ಕರ್ತವ್ಯ.