ಮೆಲ್ಪೊಮೆನಿಗೆ ಕಿವಿಗೊಡುವ ಬಗೆ

ರುದ್ರನಾಟಕದ ಅಧಿದೇವತೆ ಮೆಲ್ಪೊಮೆನಿಯನ್ನು ರೋಮನ್ ಶಿಲ್ಪಿಗಳು ಮುಖವಾಡ ಹಿಡಿದ ಹೆಣ್ಣಾಗಿ ಕಡೆದರು; ಇಂದಿಗೂ ನಮ್ಮ ಕಣ್ಣಿಗೆ ಕಟ್ಟಿರುವುದು ಆ ರೂಪವೇ. ಆದರೆ ಅದಕ್ಕೆ ಎಷ್ಟೋ ಶತಮಾನ ಹಿಂದೆ ಹೆಸಿಯಡ್ ಕವಿ ಜ್ಯೂಸನ ಒಂಬತ್ತು ಹೆಣ್ಣುಮಕ್ಕಳನ್ನು ಹೆಸರಿಸಿದಾಗ ಆಕೆಗೆ ನಾಟಕದ ಹೊಣೆಯನ್ನೇನೂ ವಹಿಸಿರಲಿಲ್ಲ. ಅಕ್ಕತಂಗಿಯರ ಜೊತೆ ಹಾಡಿ ಕುಣಿಯುವವಳು ಅವಳು, ಅಷ್ಟೆ. ಗ್ರೀಕ್ ನಾಟಕಕ್ಕೆ ಹೊಸಬರಾದವರು ಆ ಹಳೆಯ ಮೆಲ್ಪೊಮೆನಿಯನ್ನೇ ನಂಬಿ ಹೊರಡುವುದು ಲೇಸು: ಮೊದಲು ಹಾಡನ್ನು ಹಿಡಿಯಿರಿ, ಕಥೆ ಆಮೇಲೆ. ಅಥೆನ್ಸಿನ ಪ್ರೇಕ್ಷಕರಿಗೆ ಕಥೆ ಬಹುಪಾಲು ಗೊತ್ತಿದ್ದದ್ದೇ. ಕೊಲೆಗಳೂ ಸಾಮಾನ್ಯವಾಗಿ ಬಾಗಿಲ ಹಿಂದೆ ನಡೆದುಹೋಗುತ್ತಿದ್ದವು. ಡಯೊನೈಸಸ್ ಉತ್ಸವದ ಸ್ಪರ್ಧೆಗೆ ಕವಿಯನ್ನು ಆರಿಸಿದ ಅಧಿಕಾರಿ ಅವನಿಗೆ ಕೊಡುತ್ತಿದ್ದುದು ಒಂದು ಮೇಳವನ್ನು. ಅದರ ತಾಲೀಮಿನ ಖರ್ಚನ್ನು ಸಿರಿವಂತ ನಾಗರಿಕನೊಬ್ಬ ಹೊರುತ್ತಿದ್ದ. ಮಾತಾಡುವ ನಟರು ಮೂವರೇ ಸಾಕಾದ ಈ ಕಲೆಗೆ ಹಾಡಿ ಕುಣಿಯಲು ಮೊದಲು 12, ಆಮೇಲೆ 15 ಮಂದಿ ಬೇಕಾಗಿತ್ತು.

ಈಸ್ಕಿಲಸನ 'ಅಗಮೆಮ್ನಾನ್' (ಕ್ರಿ.ಪೂ. 458) ನಾಟಕದ ಕಸಾಂಡ್ರಳ ದೃಶ್ಯದಲ್ಲಿ ಇದನ್ನು ಪರೀಕ್ಷಿಸಬಹುದು. ಟ್ರಾಯ್‌ನಿಂದ ಸೆರೆಯಾಳಾಗಿ ಬಂದ ಅವಳನ್ನು ರಾಣಿ ಕ್ಲೈಟೆಮ್‌ನೆಸ್ಟ್ರಾ ಅರಮನೆಯೊಳಗೆ ಕರೆಯುತ್ತಾಳೆ. ಅವಳು ತುಟಿ ಬಿಚ್ಚುವುದಿಲ್ಲ. ರಾಣಿ ಒಳಹೋದ ಮೇಲೆ ಅಪೊಲೊನ ಹೆಸರು ಕೂಗುತ್ತ ಒಮ್ಮೆಲೇ ಹಾಡಿಗಿಳಿಯುತ್ತಾಳೆ. ಮುದುಕರ ಮೇಳ ಮೊದಮೊದಲು ಮಾತಿನ ಛಂದಸ್ಸಿನಲ್ಲೇ ಸಮಾಧಾನವಾಗಿ ಉತ್ತರಿಸುತ್ತದೆ. ಬರಬರುತ್ತ ಅವಳ ಭೀತಿ ಅವರಿಗೂ ಅಂಟಿ ಅವರೂ ಹಾಡತೊಡಗುತ್ತಾರೆ. ಕೊನೆಗೆ ಅವಳು ಹಾಡು ಬಿಟ್ಟು ಮಾತಿಗೆ ಬರುತ್ತಾಳೆ, ತನ್ನ ಸಾವನ್ನು ಬಿಡಿಸಿ ಹೇಳಿ ಅದೇ ಬಾಗಿಲೊಳಗೆ ನಡೆಯುತ್ತಾಳೆ. ಘಟನೆಯೆಂದು ಎಣಿಸಿದರೆ ಇಲ್ಲಿ ನಡೆದದ್ದು ಅತ್ಯಲ್ಪ. ಭಯ ಒಬ್ಬಳಿಂದ ಹಲವರಿಗೆ ದಾಟುವುದನ್ನು ಛಂದಸ್ಸೇ ತೋರಿಸಿಬಿಟ್ಟಿದೆ. ರಂಗಭೂಮಿಯ ಅತಿ ಭೀಕರ ದೃಶ್ಯಗಳ ಸಾಲಿಗೆ ಇದನ್ನು ನಾನು ಹಿಂಜರಿಯದೆ ಸೇರಿಸುತ್ತೇನೆ.

ಅರಿಸ್ಟಾಟಲ್ ಕಥಾವಸ್ತುವನ್ನೇ ರುದ್ರನಾಟಕದ ಆತ್ಮವೆಂದನಲ್ಲ, ಎಂದು ಕೇಳುವವರುಂಟು. ನಿಜ. ಆದರೆ ಅವನು ಬರೆದದ್ದು ಈಸ್ಕಿಲಸ್ ತೀರಿಕೊಂಡು ಶತಮಾನವೇ ಕಳೆದ ಮೇಲೆ, ಮೇಳದ ಹಾಡು ಯಾವ ನಾಟಕದ ನಡುವೆ ಬೇಕಾದರೂ ತುರುಕಬಹುದಾದ ತುಣುಕಾಗಿ ಇಳಿದಿದ್ದ ಕಾಲದಲ್ಲಿ. ಆ ಇಳಿತವನ್ನು ಅವನೂ ಒಪ್ಪಲಿಲ್ಲ. ಮೇಳವನ್ನು ನಟರಲ್ಲಿ ಒಬ್ಬನೆಂದೇ ನಡೆಸಿಕೊಳ್ಳಬೇಕೆಂದ. ಸಂಗೀತವೇ ಅಳಿದಿರುವಾಗ ಕೇಳುವುದೇನನ್ನು ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಯೂರಿಪಿಡೀಸನ 'ಒರೆಸ್ಟೀಸ್' ನಾಟಕದ ಪಪೈರಸ್ ಚೂರಿನಂಥ ಕೆಲವು ಸ್ವರಲಿಪಿಗಳನ್ನು ಬಿಟ್ಟರೆ ರಾಗ ಉಳಿದಿಲ್ಲ. ಲಯ ಉಳಿದಿದೆ. ಒಳ್ಳೆಯ ಅನುವಾದ ಮಾತು ಎಲ್ಲಿ ಮುಗಿದು ಹಾಡು ಎಲ್ಲಿ ಮೊದಲಾಯಿತೆಂಬುದನ್ನು ಕಾಣಿಸುತ್ತದೆ. ಅಲ್ಲಿ ದನಿ ತೆಗೆದು ಓದಿ. ಕನ್ನಡದಲ್ಲಿ ಶುರುಮಾಡುವವರಿಗೆ ಬಿ.ಎಂ.ಶ್ರೀ ಅವರ 'ಪಾರಸಿಕರು' ಇದೆ. ಈಸ್ಕಿಲಸನ ಆ ನಾಟಕ ತೆರೆದುಕೊಳ್ಳುವುದೇ ದಂಡು ಹೋದವರ ಸುದ್ದಿಗೆ ಕಾದಿರುವ ಪರ್ಷಿಯಾದ ಹಿರಿಯರ ಮೇಳದಿಂದ. ಮುಗಿಯುವುದು ಸೋತುಬಂದ ದೊರೆ ಸರ್ಕ್ಸೀಸನೂ ಅದೇ ಮೇಳವೂ ಸೇರಿ ಹಾಡುವ ಗೋಳಿನಿಂದ.