ಕಣಜದ ರಾಗಿ, ಹುಟ್ಟುಹಬ್ಬದ ಪಾಯಸ

ಸುಗ್ಗಿ ಮುಗಿದ ಮೇಲೆ ತುಮಕೂರು ಸುತ್ತಲಿನ ರೈತರು ಸಿದ್ಧಗಂಗಾ ಮಠಕ್ಕೆ ರಾಗಿ, ತೆಂಗಿನಕಾಯಿ, ಹುಣಸೆಹಣ್ಣು ಒಪ್ಪಿಸುವ ರೂಢಿ ಹಳೆಯದು. ಸಾವಿರಾರು ಬಡ ಮಕ್ಕಳು ಜಾತಿಮತದ ಹಂಗಿಲ್ಲದೆ ಅಲ್ಲಿ ಉಂಡು, ಉಳಿದು, ಓದುತ್ತಾರೆ. 1941ರಲ್ಲಿ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮೀಜಿ ಊರೂರು ತಿರುಗಿ ಭಿಕ್ಷೆ ಎತ್ತಿ ಈ ದಾಸೋಹವನ್ನು ಬೆಳೆಸಿದರು. 2019ರಲ್ಲಿ ಅವರು ಲಿಂಗೈಕ್ಯರಾದ ಮೇಲೂ ಒಲೆ ಆರಿಲ್ಲ.

ಚೀಲ ರಾಗಿ ಕೊಡುವವನ ಮನಸ್ಸಿನಲ್ಲಿ ಏನಿರುತ್ತದೆ? ತೆರಿಗೆಯ ಲೆಕ್ಕವಂತೂ ಅಲ್ಲ. ದಾನಕ್ಕೆ ಸಿಗುವ ತೆರಿಗೆ ರಿಯಾಯಿತಿ ಹಣಕ್ಕೆ ಮಾತ್ರ, ನಗದಾದರೆ 2,000 ರೂಪಾಯಿ ದಾಟುವಂತಿಲ್ಲ. ದವಸಕ್ಕೆ ಅಲ್ಲಿ ಲೆಕ್ಕವೇ ಇಲ್ಲ. ಪುಣ್ಯದ ಆಸೆ ಇದ್ದೀತು. ಅದಕ್ಕಿಂತ ಗಟ್ಟಿಯಾದದ್ದು, ಕೊಟ್ಟದ್ದು ಯಾರ ತಟ್ಟೆಗೆ ಬೀಳುತ್ತದೆಂಬ ಅರಿವು. ಪಕ್ಕದ ಮನೆಯ ಹುಡುಗ ಅಲ್ಲೇ ಓದಿ ಮೇಷ್ಟ್ರಾಗಿರುತ್ತಾನೆ. ಮಳೆ ಕೈಕೊಟ್ಟರೆ ತನ್ನ ಮಗನನ್ನೂ ಅಲ್ಲಿಗೇ ಬಿಡಬೇಕಾದೀತು. ಕೊಡುವವನು ಪಡೆಯುವವನಿಂದ ಒಂದು ಬೆಳೆಯಷ್ಟೇ ದೂರ.

ಇದರ ಪಕ್ಕದಲ್ಲಿ, ನಗರದ ಅನಾಥಾಲಯಗಳಲ್ಲಿ ಹುಟ್ಟುಹಬ್ಬಕ್ಕೆ ಊಟ ಹಾಕಿಸುವ ರೂಢಿಯನ್ನಿಟ್ಟು ನೋಡಿ. ಇಲ್ಲೂ ಜನ ಹತ್ತಿರದ ಸಂಸ್ಥೆಯನ್ನೇ ಆರಿಸಿಕೊಳ್ಳುತ್ತಾರೆ, ಕಣ್ಣಾರೆ ಕಾಣಬಹುದೆಂದು. ಆ ಪ್ರೀತಿ ಸುಳ್ಳಲ್ಲ; ಹೆತ್ತವರ ಪುಣ್ಯತಿಥಿಯಂದು ಮಕ್ಕಳಿಗೆ ಬಡಿಸುತ್ತಾ ಕಣ್ಣು ಒರೆಸಿಕೊಳ್ಳುವವರನ್ನು ಕಂಡಿದ್ದೇನೆ. ಆದರೆ ಕಂಡದ್ದಕ್ಕಷ್ಟೇ ಕೊಡುವ ಅಭ್ಯಾಸ ಸಂಸ್ಥೆಯನ್ನು ಸೊಟ್ಟಗೆ ಬೆಳೆಸುತ್ತದೆ. ಭಾನುವಾರ, ಹಬ್ಬದ ದಿನ ದಾನಿಗಳ ಸಾಲು. ಜೂನ್ ತಿಂಗಳ ಫೀಸಿಗೆ, ಕರೆಂಟ್ ಬಿಲ್ಲಿಗೆ ಪರದಾಟ. ಪಾಯಸ ಹಾಕಿಸಿದವರಿಗೆ ಅದರ ಪಾತ್ರೆ ತೊಳೆಯುವವಳ ಸಂಬಳ ನೆನಪಾಗುವುದಿಲ್ಲ. ಇದಕ್ಕಿಂತ ನೋಯಿಸುವುದು ಫೋಟೊ. ಗುರುತಿಲ್ಲದವರ ಕೇಕಿನ ಸುತ್ತ ನಿಂತು ಚಪ್ಪಾಳೆ ತಟ್ಟುವ ಮಗು ತನ್ನ ಊಟದ ಬೆಲೆಯನ್ನು ತಾನೇ ತೆರುತ್ತಿದೆ. ಹಸಿದವರ ಮರ್ಯಾದೆಗೆ ಇಷ್ಟು ಅಗ್ಗದ ಬೆಲೆ ಕಟ್ಟುವುದನ್ನು ನಾನು ಒಪ್ಪಲಾರೆ. ಮಠದಲ್ಲಿ ಹಾಗಲ್ಲ; ಕಣಜಕ್ಕೆ ಸುರಿದ ಮೇಲೆ ಯಾರ ರಾಗಿ ಯಾವುದೆಂದು ತಿಳಿಯುವುದಿಲ್ಲ. ಮುದ್ದೆ ಉಣ್ಣುವ ಹುಡುಗ ಇಂಥವರ ಋಣವೆಂದು ತಲೆ ತಗ್ಗಿಸಬೇಕಿಲ್ಲ. ದಾಸೋಹದ ದೊಡ್ಡತನ ನನಗೆ ಕಾಣುವುದು ಅಲ್ಲೇ.

ಹಾಗೆಂದು ದಾಸೋಹಕ್ಕೆ ಮಿತಿಯಿಲ್ಲವೆಂದಲ್ಲ. ಹತ್ತಿರದ್ದನ್ನೇ ನಂಬುವ ದಾನ ಹೆಸರಾದ ಕಡೆಗೇ ಹರಿಯುತ್ತದೆ. ಮಠವಿಲ್ಲದ, ಸಂಘವಿಲ್ಲದ ಅಲೆಮಾರಿ ಕುಟುಂಬದ ಗುಡಿಸಲ ಮುಂದೆ ಚೀಲ ಇಳಿಸುವವರು ಕಡಿಮೆ. ಅನ್ನಕ್ಕೆ ಬಿಚ್ಚಿದ ಕೈ ಆಳಿನ ಕೂಲಿಗೆ ಬಿಗಿಯಾಗುವುದೂ ಉಂಟು. ಬತ್ತಿದ ಕೊಳವೆಬಾವಿ, ಕೈಸಾಲದ ಬಡ್ಡಿ ಯಾವ ದಾನಿಯ ಕಣ್ಣಿಗೂ ಸುಲಭಕ್ಕೆ ಬೀಳುವುದಿಲ್ಲ.

ಆದರೂ ದಾನಿಗಳ ಮೇಲೇ ದೂರು ಹೊರಿಸುವುದು ಸರಿಯಲ್ಲ. ಸಂಸ್ಥೆಗಳು ಕೇಳಿದ್ದನ್ನೇ ಜನ ಕೊಡುತ್ತಾರೆ. ಊಟದ ದರಪಟ್ಟಿ ತೂಗುಹಾಕಿದ ಗೋಡೆಯ ಮೇಲೆಯೇ ಅಡುಗೆಯವಳ ತಿಂಗಳ ಸಂಬಳ, ಒಬ್ಬ ಹುಡುಗಿಯ ಡಿಪ್ಲೊಮಾ ಫೀಸು, ಕನ್ನಡಕದ ಖರ್ಚು ಬರೆದು ಹಾಕಲಿ. ವರ್ಷದ ಜಮಾಖರ್ಚನ್ನೂ ಅಲ್ಲೇ ಅಂಟಿಸಲಿ. ಕಣ್ಣಾರೆ ಕಾಣಬೇಕೆನ್ನುವವರು ಅದನ್ನು ನೋಡಲಿ, ಮಕ್ಕಳನ್ನು ಅವರ ಪಾಡಿಗೆ ಉಣ್ಣಲು ಬಿಡಲಿ.